ಅಂಗಿಯೊಳಗಿನ ಕನ್ನಡಿಗ ರಾತ್ರಿಯೂ ಕಾಣಲಿ



ರಾಜ್ಯೋತ್ಸವ ಹತ್ತಿರ ಬಂತೆಂದರೆ ನಿಮ್ಮ ಬಡಾವಣೆಯಲ್ಲಿ ಏನೇನು ನಡೆಯುತ್ತದೆ ಎಂಬುದು ನಮಗೆ ಗೊತ್ತು. ನಾವೂ ಅಂಥ ಬಡಾವಣೆಗಳಿಂದಲೇ ಬಂದವರು. ಮೊದಲು ಚಂದಾ ರಸೀದಿ ಪುಸ್ತಕ ಅಚ್ಚಾಗುತ್ತದೆ. ಆಮೇಲೆ ಆರ್ಕೆಸ್ಟ್ರಾದವರಿಗೆ ಮುಂಗಡ ಹೋಗುತ್ತದೆ. ಮೂರನೆಯದಾಗಿ ಟೀ ಶರ್ಟಿನ ಮಾತು ಬರುತ್ತದೆ. ಬಣ್ಣ ಯಾವುದು? ಕಪ್ಪು. ಯಾಕೆ ಕಪ್ಪು? ಕಪ್ಪಿನ ಮೇಲೆ ಅರಿಶಿನ ಕುಂಕುಮದ ಬಣ್ಣ ಎದ್ದು ಕಾಣುತ್ತದೆ, ಕೊಳೆಯಾದರೂ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಗತ್ತಾಗಿರುತ್ತದೆ. ಎದೆಯ ಮೇಲೆ ಏನು? ಕನ್ನಡದ ಒಂದು ಮಾತು. ಬೆನ್ನ ಮೇಲೆ? ಸಂಘದ ಹೆಸರು, ಕರ್ನಾಟಕದ ನಕ್ಷೆ. ಅಲ್ಲಿಗೆ ಮುಗಿಯಿತು. ಹುಡುಗನೊಬ್ಬ ಪೇಟೆಗೆ ಹೋಗಿ ನೂರು ಅಂಗಿಗೆ ಆರ್ಡರು ಕೊಟ್ಟು ಬರುತ್ತಾನೆ.

ಈ ಉತ್ಸಾಹ ಕಂಡರೆ ನಮಗೆ ಹೆಮ್ಮೆ. ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಎದೆಯ ಮೇಲೆ ಹೊತ್ತು ತಿರುಗುತ್ತಿದ್ದ ಹುಡುಗರು ಕನ್ನಡದ ಅಕ್ಷರ ಹಾಕಿಸಿಕೊಳ್ಳುತ್ತಿದ್ದಾರೆಂದರೆ ಅದು ಸಣ್ಣ ಮಾತಲ್ಲ. ಆದರೆ ಇವತ್ತು ನಾವು ಕೇಳುತ್ತಿರುವುದು ಬೇರೆ ಪ್ರಶ್ನೆ. ಕಾರ್ಯಕ್ರಮ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ನಲವತ್ತು ಬೈಕುಗಳ ಮೇಲೆ ಎಂಬತ್ತು ಹುಡುಗರು ಕಪ್ಪು ಅಂಗಿಯಲ್ಲಿ ಮನೆಗೆ ಹೊರಡುತ್ತಾರೆ. ಬೀದಿ ದೀಪ ಒಂದು ಉರಿದರೆ ಇನ್ನೊಂದು ಉರಿಯುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಬೆನ್ನ ಮೇಲಿನ ಕನ್ನಡವನ್ನು ಯಾರು ಓದಬೇಕು? ಹಿಂದೆ ಬರುತ್ತಿರುವ ಲಾರಿಯ ಚಾಲಕ. ಅವನಿಗೆ ಏನು ಕಾಣುತ್ತದೆ? ಕತ್ತಲೆಯೊಳಗೆ ಇನ್ನೊಂದು ಕತ್ತಲೆ.

ಇದು ಹೆದರಿಸಲು ಹೇಳುವ ಕಥೆಯಲ್ಲ. ನಮ್ಮ ಬಳಗದ ಹುಡುಗನೊಬ್ಬನಿಗೆ ಆದದ್ದು. ಕಾರ್ಯಕ್ರಮ ಮುಗಿಸಿ ತುಮಕೂರು ರಸ್ತೆಯಲ್ಲಿ ಬರುವಾಗ ಬೈಕು ಪಂಕ್ಚರಾಯಿತು. ಇಂಜಿನ್ ಆರಿಸಿ, ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ಹೊರಟ. ಇಂಜಿನ್ ಆರಿದ ಮೇಲೆ ಹಿಂದಿನ ಕೆಂಪು ದೀಪವೂ ಆರಿತ್ತು. ಹಿಂದಿನಿಂದ ಬಂದ ಲಾರಿ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಹೊರಳಿ, ಟೈರು ಕಿರುಚಿ, ದೂರ ಹೋಗಿ ನಿಂತಿತು. ಡ್ರೈವರ್ ಇಳಿದು ಬಂದ. ಬೈಗುಳಕ್ಕೆ ಹುಡುಗ ಸಿದ್ಧನಾಗಿ ನಿಂತ. ಆತ ಬೈಯಲಿಲ್ಲ. ಅವನ ಕೈ ನಡುಗುತ್ತಿತ್ತು. ಬಿಜಾಪುರದ ಕಡೆಯ ಮನುಷ್ಯ. "ಏನ್ ತಮ್ಮಾ, ಅಂಗಿ ಮ್ಯಾಲ ಇಷ್ಟ್ ದೊಡ್ಡದಾಗಿ ಬರಸೀದಿ. ಓದಾಕ ಮೊದಲ ನೀ ಕಾಣಬೇಕಲ್ಲೋ" ಎಂದ.

ಆ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತೆಗೆದು ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. 32,825 ಮಂದಿ ನಡೆದು ಹೋಗುತ್ತಿದ್ದವರು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಕಾರಿನ ಕಬ್ಬಿಣದ ರಕ್ಷಣೆ ಇಲ್ಲದವರು, ಅಂದರೆ ನಿಮ್ಮಂಥವರು, ನಮ್ಮಂಥವರು. ಎಲ್ಲ ಸಾವೂ ಕತ್ತಲಿನಿಂದಲೇ ಆಯಿತು ಎಂದು ನಾವು ಹೇಳುವುದಿಲ್ಲ. ವೇಗ, ಕುಡಿತ, ಗುಂಡಿ, ಹೆಲ್ಮೆಟ್ ಇಲ್ಲದ ತಲೆ, ಕಾರಣ ಹಲವು. ಆದರೆ ಕಾಣದೇ ಸಾಯುವುದೂ ಒಂದು ಕಾರಣ. ಅಂಗಿ ಹೊಲಿಸುವಾಗಲೇ ತಪ್ಪಿಸಬಹುದಾದ ಕಾರಣ ಇದೊಂದೇ.

ಸ್ವಲ್ಪ ಲೆಕ್ಕ ಮಾಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನ ಕಾರು ನಿಲ್ಲಲು ಇನ್ನೊಂದು 20 ಮೀಟರ್. ಒಟ್ಟು 45 ಮೀಟರ್. ಭಾರ ಹೊತ್ತ ಲಾರಿಗೆ, ಒದ್ದೆ ರಸ್ತೆಗೆ ಇದಕ್ಕಿಂತ ಹೆಚ್ಚು. ಡಿಪ್ ಮಾಡಿದ ಹೆಡ್‌ಲೈಟಿನಲ್ಲಿ, ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆಯುತ್ತಿರುವಾಗ, ಕಪ್ಪು ಅಂಗಿಯ ಮನುಷ್ಯ ಅಷ್ಟು ದೂರದಿಂದ ಕಾಣುತ್ತಾನೆಯೇ? ಎಷ್ಟೋ ಸಲ ಕಾಣುವುದಿಲ್ಲ. ಹಾಗಾದರೆ ಬ್ರೇಕು ಒಳ್ಳೆಯದಿದ್ದು ಏನು ಪ್ರಯೋಜನ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಇನ್ನು ಮುಂದೆ ಕನ್ನಡದ ಅಂಗಿ ಅಚ್ಚು ಹಾಕಿಸುವಾಗ ಅದರಲ್ಲಿ ಹೆಡ್‌ಲೈಟಿಗೆ ಹೊಳೆಯುವ ಅಚ್ಚೂ ಇರಲಿ. ಬೇಡಿಕೆ ಸಣ್ಣದು, ಆದರೆ ಅದನ್ನು ಸರಿಯಾಗಿ ಮಾಡಿಸಲು ನಾಲ್ಕು ವಿಷಯ ಗೊತ್ತಿರಬೇಕು. ಗೊತ್ತಿಲ್ಲದೆ ಹೋದರೆ ಮೋಸ ಹೋಗುತ್ತೀರಿ. ನಾವು ಹೋಗಿದ್ದೇವೆ.

ರೇಡಿಯಂ ಎಂಬ ಸುಳ್ಳು ಹೆಸರು

ಆ ಲಾರಿಯ ಘಟನೆಯ ಮರುವರ್ಷ ನಮ್ಮ ಬಳಗ ಒಂದು ಅಂಗಡಿಗೆ ಹೋಗಿ "ಬೆನ್ನ ಮೇಲೆ ರೇಡಿಯಂ ಪ್ರಿಂಟ್ ಹಾಕಿಕೊಡಿ" ಎಂದು ಕೇಳಿತು. ಅಂಗಡಿಯವನು ತಲೆಯಾಡಿಸಿದ. ಅಂಗಿ ಬಂತು. ದೀಪ ಆರಿಸಿ ನೋಡಿದರೆ ಅಕ್ಷರಗಳು ಹಸಿರಾಗಿ ಮಿನುಗಿದವು. ಹುಡುಗರು ಶಿಳ್ಳೆ ಹೊಡೆದರು. ರಾತ್ರಿ ರಸ್ತೆಗೆ ಇಳಿದಾಗ ಗೊತ್ತಾಯಿತು, ಹೆಡ್‌ಲೈಟಿಗೆ ಆ ಅಚ್ಚು ಏನೂ ಹೊಳೆಯುವುದಿಲ್ಲ. ಅದು ಮಿಂಚುಹುಳದ ಬೆಳಕು, ರಸ್ತೆಯ ಬೆಳಕಲ್ಲ. ನಾಲ್ಕು ಸಲ ಒಗೆದ ಮೇಲೆ ಅಚ್ಚೇ ಬಿರುಕು ಬಿಟ್ಟಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ, ಗೆಳೆಯರೇ. ಕತ್ತಲಲ್ಲಿ ಕಾಣುವುದರಲ್ಲಿ ಎರಡು ಜಾತಿ. ಒಂದು, ಹಗಲಿನ ಬೆಳಕು ಕುಡಿದಿಟ್ಟುಕೊಂಡು ಕತ್ತಲಲ್ಲಿ ತಾನೇ ಮಂಕಾಗಿ ಹೊಳೆಯುವ ಇಂಕು. ಅದು ಹೊತ್ತು ಕಳೆದಂತೆ ಆರುತ್ತದೆ. ಮಕ್ಕಳ ಕೋಣೆಯ ಗೋಡೆಗೆ ಅಂಟಿಸುವ ನಕ್ಷತ್ರಗಳು ಈ ಜಾತಿಯವು. ಇನ್ನೊಂದು, ತನ್ನದೇ ಬೆಳಕು ಇಲ್ಲದ, ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುವ ಇಂಕು. ನಮಗೆ ಬೇಕಾದದ್ದು ಈ ಎರಡನೆಯದು, ರಿಫ್ಲೆಕ್ಟಿವ್ ಇಂಕು. ನಂಬರ್ ಪ್ಲೇಟಿನ ಅಂಗಡಿಯಿಂದ ಹಿಡಿದು ಲಾರಿ ಸ್ಟ್ಯಾಂಡಿನವರೆಗೆ ಎರಡನ್ನೂ ನಾವು "ರೇಡಿಯಂ" ಎಂದೇ ಕರೆಯುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ರೇಡಿಯಂ ನಿಜವಾಗಿ ಒಂದು ಲೋಹ. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದದ್ದು. ಕೈಗಡಿಯಾರದ ಮುಳ್ಳು ರಾತ್ರಿ ಹೊಳೆಯಲಿ ಎಂದು ಒಂದು ಕಾಲಕ್ಕೆ ಅದನ್ನು ಬಣ್ಣದಲ್ಲಿ ಬೆರೆಸುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತ ಆ ಬಣ್ಣ ಬಳಿದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ಇವತ್ತಿನ ಸ್ಟಿಕ್ಕರಿನಲ್ಲಾಗಲಿ ಅಂಗಿಯ ಇಂಕಿನಲ್ಲಾಗಲಿ ಆ ರೇಡಿಯಂ ಇಲ್ಲ. ಹೆಸರು ಮಾತ್ರ ಉಳಿದಿದೆ. ಅಂಗಡಿಗೆ ಹೋದಾಗ ಆ ಹೆಸರು ಹೇಳಬೇಡಿ. "ಗಾಡಿ ಲೈಟು ಬಿದ್ದರೆ ಹೊಳೆಯಬೇಕು" ಎಂದು ಹೇಳಿ. ಹೇಳಿದ ಮೇಲೆ ಪರೀಕ್ಷೆ ಮಾಡಿ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಅಚ್ಚು ಹಾಕಿದ ಬಟ್ಟೆಯ ಚೂರನ್ನು ಕತ್ತಲೆ ಕೋಣೆಯ ಗೋಡೆಗೆ ತಗುಲಿಹಾಕಿ. ಹತ್ತು ಹೆಜ್ಜೆ ಹಿಂದೆ ಬನ್ನಿ. ಮೊಬೈಲಿನ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಡಿ. ಅಚ್ಚು ಬಿಳಿಯಾಗಿ ಭಗ್ಗನೆ ಹೊತ್ತಿದಂತೆ ಕಂಡರೆ ಅದು ಸರಿಯಾದ ಮಾಲು. ಈಗ ಟಾರ್ಚನ್ನು ಗೆಳೆಯನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ. ನಿಮಗೆ ಹೊಳಪು ಕಾಣುವುದಿಲ್ಲ, ಅವನಿಗೆ ಕಾಣುತ್ತದೆ. ಹೀಗಾದರೆ ಆ ಇಂಕು ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಬೆಳಕು ಬಂದ ದಾರಿಗೇ

ಯಾಕೆ ಹೀಗೆ? ಕನ್ನಡಿಯ ಮೇಲೆ ಓರೆಯಾಗಿ ಬೆಳಕು ಬಿಟ್ಟರೆ ಅದು ಆಚೆ ಕಡೆ ಹೋಗುತ್ತದೆ, ಬಿಟ್ಟವನ ಬಳಿಗೆ ಬರುವುದಿಲ್ಲ. ದನದ ಕಣ್ಣು ಹಾಗಲ್ಲ. ಊರ ದಾರಿಯಲ್ಲಿ ರಾತ್ರಿ ಹೆಡ್‌ಲೈಟಿಗೆ ದನದ ಕಣ್ಣು ಕೆಂಡದಂತೆ ಹೊಳೆಯುವುದನ್ನು ನೀವು ಕಂಡಿದ್ದೀರಿ. ಕಣ್ಣಿನ ಗೋಲ ಬೆಳಕನ್ನು ಹಿಂದಿನ ಪೊರೆಯ ಮೇಲೆ ಕೂಡಿಸುತ್ತದೆ, ಪೊರೆ ಅದನ್ನು ಬಂದ ದಾರಿಗೇ ದೂಡುತ್ತದೆ. ಇಂಗ್ಲೆಂಡಿನ ಪರ್ಸಿ ಶಾ ಎಂಬಾತ 1934ರಲ್ಲಿ ಹಕ್ಕು ಪಡೆದ ರಸ್ತೆಯ ಗಾಜಿನ ಗುಂಡಿಗೆ "ಬೆಕ್ಕಿನ ಕಣ್ಣು" ಎಂದೇ ಹೆಸರು.

ರಿಫ್ಲೆಕ್ಟಿವ್ ಇಂಕಿನಲ್ಲಿ ಇರುವುದೂ ಇದೇ ತಂತ್ರ. ಕಣ್ಣಿಗೆ ಪುಡಿಯಂತೆ ಕಾಣುವ ಸಣ್ಣ ಗಾಜಿನ ಮಣಿಗಳು, ಒಂದೊಂದರ ಅರ್ಧ ಮೈಗೆ ಅಲ್ಯೂಮಿನಿಯಂ ಲೇಪ. ಲೇಪವಿಲ್ಲದ ಕಡೆಯಿಂದ ಒಳಹೊಕ್ಕ ಬೆಳಕು ಲೇಪದ ಕಡೆ ತಾಗಿ ವಾಪಸು ಬರುತ್ತದೆ. ಚಾಲಕನ ಕಣ್ಣು ಅವನ ಗಾಡಿಯ ಹೆಡ್‌ಲೈಟಿನ ಹತ್ತಿರವೇ ಇರುವುದರಿಂದ ಆ ಬೆಳಕು ಅವನಿಗೆ ಸಿಗುತ್ತದೆ. ಬೀದಿಯಲ್ಲಿ ನಿಂತು ನೋಡುವವನಿಗೆ ಅದು ಬೂದು ಬಣ್ಣದ ಸಾಧಾರಣ ಅಚ್ಚು.

ಆದರೆ ಇಂಕಿನಲ್ಲಿ ಬೆರೆತ ಮಣಿಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂರುವುದಿಲ್ಲ. ಕೆಲವು ನೇರ, ಕೆಲವು ಅಡ್ಡ, ಕೆಲವು ಬೋರಲು. ಆದ್ದರಿಂದ ಇಂಕಿನ ಅಚ್ಚು ಎಂದೂ ಕಾರ್ಖಾನೆಯಲ್ಲಿ ಮಣಿಗಳನ್ನು ಸಾಲಾಗಿ ಕೂರಿಸಿ ಮಾಡಿದ ಪಟ್ಟಿಯಷ್ಟು ಹೊಳೆಯುವುದಿಲ್ಲ. ಇದನ್ನು ಅಂಗಡಿಯವನು ನಿಮಗೆ ಹೇಳಲಿಕ್ಕಿಲ್ಲ. ನಾವು ಹೇಳುತ್ತೇವೆ. ಅಂದಕ್ಕೆ ಇಂಕು, ಜೀವಕ್ಕೆ ಪಟ್ಟಿ. ಎರಡೂ ಇದ್ದರೆ ಒಳ್ಳೆಯದು.

ಅಚ್ಚಿನ ಅಂಗಡಿಯಲ್ಲಿ

ಮೊದಲು ಬಟ್ಟೆ ನೋಡಿ. ಅಗ್ಗದ ಜರ್ಸಿ ಬಟ್ಟೆ ಪಾಲಿಯೆಸ್ಟರಿನದು. ಅದರಲ್ಲಿ ಕೆಂಪು ಬಣ್ಣದ್ದು ಬಹಳ ತುಂಟ. ಮಾಮೂಲಿ ಪ್ಲಾಸ್ಟಿಸಾಲ್ ಇಂಕು ಕಚ್ಚಿಕೊಳ್ಳಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕೆ ಪಾಲಿಯೆಸ್ಟರಿನ ಕೆಂಪು ಮೇಲೆದ್ದು ಇಂಕಿನೊಳಗೆ ಇಳಿಯುತ್ತದೆ. ನಿಮ್ಮ ಬಿಳಿ ಅಕ್ಷರ ಎರಡು ದಿನದಲ್ಲಿ ಗುಲಾಬಿಯಾಗುತ್ತದೆ. ಹತ್ತಿ ಬಟ್ಟೆಗೆ ಈ ಕಾಟವಿಲ್ಲ. ಹತ್ತಿಯನ್ನೇ ಕೇಳಿ. ಪಾಲಿಯೆಸ್ಟರೇ ಬೇಕೆಂದರೆ ಕಡಿಮೆ ಶಾಖದ ಇಂಕು ಇದೆಯೇ ಎಂದು ಕೇಳಿ.

ಎರಡನೆಯದು ಸ್ಕ್ರೀನು. ನಯವಾದ ಗೆರೆಗೆ ಬಳಸುವ ಸಣ್ಣ ಕಣ್ಣಿನ ಮೆಶ್‌ನಲ್ಲಿ ಗಾಜಿನ ಮಣಿ ಇಳಿಯುವುದಿಲ್ಲ. ಇಂಕು ಇಳಿಯುತ್ತದೆ, ಮಣಿ ಮೇಲೆಯೇ ಉಳಿಯುತ್ತದೆ. ಆಗ ನಿಮ್ಮ ಅಂಗಿಗೆ ಬರುವುದು ಬರೀ ಬೂದು ಬಣ್ಣ. ಇಂಚಿಗೆ ಸುಮಾರು 80ರಿಂದ 110 ಎಳೆ ಇರುವ ದೊಡ್ಡ ಕಣ್ಣಿನ ಮೆಶ್ ಬೇಕು. ಇಂಕಿನ ಡಬ್ಬದ ಮೇಲೆ ಎಷ್ಟು ಎಂದು ಬರೆದಿದೆಯೋ ಅದನ್ನು ಅಂಗಡಿಯವನೊಂದಿಗೆ ಕೂತು ನೋಡಿ. ಮಣಿ ಭಾರ, ಡಬ್ಬದ ತಳಕ್ಕೆ ಇಳಿಯುತ್ತದೆ. ಕೆಲಸದ ನಡುವೆ ಆಗಾಗ ಕಲಕಬೇಕು. ಕಲಕದೆ ಹೊಡೆದರೆ ಮೊದಲ ಇಪ್ಪತ್ತು ಅಂಗಿ ಒಂದು ಥರ, ಕೊನೆಯ ಇಪ್ಪತ್ತು ಇನ್ನೊಂದು ಥರ.

ಮೂರನೆಯದು ಸರದಿ. ಹಳದಿ, ಕೆಂಪು, ಬಿಳಿ ಎಲ್ಲ ಮೊದಲು. ರಿಫ್ಲೆಕ್ಟಿವ್ ಕೊನೆಗೆ, ಎಲ್ಲದರ ಮೇಲೆ. ಅದರ ಮೇಲೆ ಇನ್ನೊಂದು ಬಣ್ಣ ಎಳೆದರೆ ಮಣಿಯ ಕಣ್ಣು ಮುಚ್ಚಿದಂತೆ. "ಬೂದು ಬೇಡ ಅಣ್ಣ, ನಮ್ಮ ಬಾವುಟದ ಹಳದಿ ಕೆಂಪಿನಲ್ಲೇ ಹೊಳೆಯಲಿ" ಎನ್ನುತ್ತೀರಿ, ಗೊತ್ತು. ಬಣ್ಣ ಬೆರೆತಷ್ಟೂ ಹೊಳಪು ಕಡಿಮೆ. ಅದರಲ್ಲೂ ಕೆಂಪು ಮಬ್ಬು ಬೆಳಕಿನಲ್ಲಿ ಕಪ್ಪಿನಂತೆಯೇ ಕಾಣುವ ಬಣ್ಣ. ಹಗಲಿಗೆ ಅರಿಶಿನ ಕುಂಕುಮ ಇರಲಿ, ರಾತ್ರಿಗೆ ಬೂದು ಬೆಳ್ಳಿ ಇರಲಿ.

ನಾಲ್ಕನೆಯದು ಶಾಖ. ಇಂಕು ಪೂರ್ತಿ ಬೇಯದಿದ್ದರೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಗೆದರೆ ಉದುರುತ್ತದೆ. ಬಿಸಿಲಿಗೆ ಹರವಿ ಕೊಟ್ಟುಬಿಡುವವರು ಇದ್ದಾರೆ. ಒಪ್ಪಬೇಡಿ. ಒಂದು ಅಂಗಿ ಮುಂಚಿತವಾಗಿ ಮಾಡಿಸಿ, ಐದು ಸಲ ಒಗೆದು, ಮತ್ತೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಉಳಿದ ತೊಂಬತ್ತೊಂಬತ್ತಕ್ಕೆ ಒಪ್ಪಿಗೆ ಕೊಡಿ. ಕೆಟ್ಟ ಮೇಲೆ ಬುದ್ಧಿ ಬಂದರೆ ಅಟ್ಟ ಮೇಲೆ ಒಲೆ ಉರಿದಂತೆ.

ಇಂಕಿನ ಗೊಡವೆ ಬೇಡವೆನ್ನುವವರಿಗೆ ಎರಡು ದಾರಿ ಇವೆ. ಒಂದು, ರಿಫ್ಲೆಕ್ಟಿವ್ ಹಾಳೆಯನ್ನು ಯಂತ್ರದಲ್ಲಿ ಕತ್ತರಿಸಿ ಹೀಟ್ ಪ್ರೆಸ್‌ನಲ್ಲಿ ಅಂಟಿಸುವುದು. ಹತ್ತಿಪ್ಪತ್ತು ಅಂಗಿಗೆ ಇದು ಸಲೀಸು. ಸ್ಕ್ರೀನ್ ಅಚ್ಚು ಪೂರ್ತಿ ಬೆಂದು ಒಣಗಿದ ಮೇಲೆ ಇದನ್ನು ಅಂಟಿಸಬೇಕು, ಇಂಕಿನ ಮೇಲಲ್ಲ, ಬರೀ ಬಟ್ಟೆಯ ಮೇಲೆ. ಇನ್ನೊಂದು, 50 ಮಿ.ಮೀ. ಅಗಲದ ರಿಫ್ಲೆಕ್ಟಿವ್ ಪಟ್ಟಿ ತಂದು ನಿಮ್ಮ ಬೀದಿಯ ಟೈಲರ್ ಕೈಲಿ ಎರಡು ಅಂಚಿಗೂ ಹೊಲಿಗೆ ಹಾಕಿಸುವುದು. ಇದು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ, ಹೆಚ್ಚು ಕಾಲ ಬಾಳುತ್ತದೆ. ನಮ್ಮ ಟೈಲರಿಗೂ ನಾಲ್ಕು ಕಾಸು.

ಎಲ್ಲಿ ಹಾಕಿಸಬೇಕು

ಎದೆಯ ಮೇಲೆ ಎನ್ನುತ್ತೀರಿ. ತಪ್ಪು. ಬೈಕಿನ ಮೇಲೆ ಕೂತವನ ಎದೆಯ ಮುಂದೆ ಅವನದೇ ಹೆಡ್‌ಲೈಟು ಇದೆ. ಬೆನ್ನ ಮೇಲೆ ಎನ್ನುತ್ತೀರಿ. ಸರಿ, ಆದರೆ ನಿಮ್ಮಲ್ಲಿ ಎಷ್ಟು ಜನರ ಬೆನ್ನ ಮೇಲೆ ಬ್ಯಾಗು ಇಲ್ಲ? ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು, ಕಾಲೇಜಿನ ಬ್ಯಾಗು, ಊಟ ತಲುಪಿಸುವ ಹುಡುಗರ ದೊಡ್ಡ ಡಬ್ಬದ ಬ್ಯಾಗು. ಅದು ಬೆನ್ನಿನ ಅಚ್ಚನ್ನು ಪೂರ್ತಿ ನುಂಗುತ್ತದೆ. ಹಿಂದೆ ಗೆಳೆಯ ಕೂತರಂತೂ ಮುಗಿದೇ ಹೋಯಿತು.

ಹಾಗಾಗಿ ತೋಳಿನ ಅಂಚಿಗೆ ಒಂದು ಪಟ್ಟಿ ಸುತ್ತ ಬರಲಿ. ಅಂಗಿಯ ಕೆಳ ಅಂಚಿಗೆ ಇನ್ನೊಂದು ಬರಲಿ. ಬ್ಯಾಗಿನ ಕೆಳಗೂ ಅದು ಇಣುಕುತ್ತದೆ. ಡಿಪ್ ಮಾಡಿದ ಹೆಡ್‌ಲೈಟು ಕೆಳಗೆ ಬಾಗಿರುತ್ತದೆ, ಆದ್ದರಿಂದ ಕೆಳಗಿದ್ದಷ್ಟೂ ಬೆಳಕು ಹೆಚ್ಚು ಸಿಗುತ್ತದೆ. ಮೂರನೆಯದು ಬ್ಯಾಗಿನ ಮೇಲೆ. ಅಂಗಿಗೆ ಮಾಡಿಸುವಾಗಲೇ ಬ್ಯಾಗಿಗೂ ಒಂದು ತುಂಡು ಹೊಲಿಸಿ.

ತೋಳಿಗೆ ಯಾಕೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಜೋಆನ್ ವುಡ್, ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ರಿಚರ್ಡ್ ಟೈರೆಲ್ ಮತ್ತು ಅವರ ಸಂಗಡಿಗರು ರಾತ್ರಿ ಹೊತ್ತು ನಿಜವಾದ ಗಾಡಿ ಓಡಿಸಿ ಪರೀಕ್ಷೆ ಮಾಡಿ, 2005ರಲ್ಲಿ ಪ್ರಕಟಿಸಿದರು. ಹೊಳೆಯುವ ಪಟ್ಟಿಯನ್ನು ಎದೆಯ ಮೇಲೆ ಮಾತ್ರ ಕಟ್ಟಿಕೊಂಡವನಿಗಿಂತ ಮೊಣಕೈ, ಮಣಿಕಟ್ಟು, ಮಂಡಿ, ಕಾಲಿನ ಗಿಣ್ಣುಗಳಿಗೆ ಕಟ್ಟಿಕೊಂಡು ನಡೆದವನನ್ನು ಚಾಲಕರು ಬಹಳ ಬೇಗ ಗುರುತಿಸಿದರು. ಯಾಕೆಂದರೆ ನಿಂತ ಹೊಳಪು ಬೋರ್ಡು ಇರಬಹುದು, ಕಂಬ ಇರಬಹುದು. ಕೈ ಬೀಸುವ, ಕಾಲು ಎತ್ತಿಡುವ ಹೊಳಪು ಮನುಷ್ಯನದು ಎಂದು ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಚಾಲಕನಿಗೆ ಏನೋ ಇದೆ ಎಂದು ತಿಳಿದರೆ ಸಾಲದು. ಒಬ್ಬ ಮನುಷ್ಯ ಇದ್ದಾನೆ ಎಂದು ತಿಳಿಯಬೇಕು.

ಅಕ್ಷರ ಕೆಡಬಾರದು

ಈಗ ನಮ್ಮ ಹೊಟ್ಟೆಗೆ ಹತ್ತಿರದ ಮಾತು. ಹೊಳೆಯುವ ಇಂಕಿನಲ್ಲಿ ಕನ್ನಡ ಬರೆಸುವಾಗ ಕನ್ನಡ ಕೆಡಬಾರದು. ದೊಡ್ಡ ಕಣ್ಣಿನ ಮೆಶ್‌ನಲ್ಲಿ ಸಣ್ಣ ಗೆರೆ ನಿಲ್ಲುವುದಿಲ್ಲ. ನಮ್ಮ ಲಿಪಿಯ ಮರ್ಯಾದೆ ಇರುವುದೇ ಸಣ್ಣ ಗೆರೆಗಳಲ್ಲಿ. "ಧ"ದ ಕೆಳಗಿನ ಸೀಳು ಮುಚ್ಚಿದರೆ "ದ" ಆಗುತ್ತದೆ. "ಷ"ದ ಹೊಟ್ಟೆಯ ಗೆರೆ ಅಳಿದರೆ "ಪ" ಆಗುತ್ತದೆ. ಒತ್ತಕ್ಷರದ ಮೇಲೆ ಒತ್ತಕ್ಷರ ಬಂದರೆ ಇಂಕಿನ ಮುದ್ದೆ. ಸಾಲದ್ದಕ್ಕೆ ಹೊಳೆಯುವ ಅಕ್ಷರ ರಾತ್ರಿ ಇದ್ದದ್ದಕ್ಕಿಂತ ದಪ್ಪಗೆ ಕಾಣುತ್ತದೆ, ಒಳಗಿನ ತೂತುಗಳನ್ನು ಬೆಳಕೇ ತುಂಬಿಬಿಡುತ್ತದೆ.

ಆದ್ದರಿಂದ ಘೋಷಣೆಯನ್ನು ಹಗಲಿನ ಬಣ್ಣದಲ್ಲಿ ಹಾಕಿಸಿ. ಹೊಳೆಯುವ ಇಂಕಿನಲ್ಲಿ ಒಂದೇ ಒಂದು ಪದ ಇರಲಿ. ದೊಡ್ಡದಾಗಿ, ಅಕ್ಷರಗಳ ನಡುವೆ ಧಾರಾಳ ಜಾಗ ಬಿಟ್ಟು, ತೀರ ದಪ್ಪವೂ ಅಲ್ಲದ ತೀರ ತೆಳುವೂ ಅಲ್ಲದ ಗೆರೆಯಲ್ಲಿ. ಒತ್ತಿಲ್ಲದ, ಸೀಳಿಲ್ಲದ ಪದ ಎಷ್ಟು ಬೇಕು ಕನ್ನಡದಲ್ಲಿ! "ಬೆಳಕು" ಎಂದು ಬರೆಸಿ. "ಬದುಕು" ಎಂದು ಬರೆಸಿ. ಹಿಂದೆ ಬರುವವನಿಗೆ ಅದಕ್ಕಿಂತ ದೊಡ್ಡ ಮಾತು ಏನು ಬೇಕು?

ಇನ್ನೊಂದು ಎಚ್ಚರಿಕೆ. ಅಂಗಡಿಯ ಕಂಪ್ಯೂಟರಿಗೆ ನಿಮ್ಮ ಕನ್ನಡ ಫಾಂಟು ಗೊತ್ತಿರುವುದಿಲ್ಲ. ಬರೆದದ್ದನ್ನು ಹಾಗೆಯೇ ಕಳಿಸಿದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಬೀಳುತ್ತದೆ. ಅಕ್ಷರಗಳನ್ನು ಚಿತ್ರರೂಪಕ್ಕೆ, ಡಿಸೈನಿನವರು ಹೇಳುವ ಕರ್ವ್ಸ್‌ಗೆ, ಬದಲಿಸಿ ಕಳಿಸಿ. ಹೀಟ್ ಪ್ರೆಸ್ ಹಾಳೆಯನ್ನು ತಿರುಗುಮುರುಗಾಗಿ ಕತ್ತರಿಸಬೇಕು. ಕನ್ನಡ ಬಾರದ ಕೆಲಸಗಾರನಿಗೆ ತಿರುಗಿದ ಕನ್ನಡ ಯಾವುದು, ನೇರ ಕನ್ನಡ ಯಾವುದು ಎಂದು ಹೇಗೆ ತಿಳಿಯಬೇಕು? ಅವನನ್ನು ಬೈಯುವ ಬದಲು ಪಕ್ಕದಲ್ಲಿ ನಿಂತು ಮೊದಲ ಅಂಗಿ ನೋಡಿ. ನಾಲ್ಕು ಅಕ್ಷರ ಕಲಿಸಿಯೇ ಬನ್ನಿ.

ಒಗೆಯುವ ಚೀಟಿಯೂ ಕನ್ನಡದಲ್ಲಿರಲಿ. ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಒಗೆಯಿರಿ, ಬ್ಲೀಚ್ ಹಾಕಬೇಡಿ, ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ, ಕಲ್ಲಿಗೆ ಕುಕ್ಕಬೇಡಿ, ಅಚ್ಚಿನ ಮೇಲೆ ಇಸ್ತ್ರಿ ಇಡಬೇಡಿ. ಇಷ್ಟೇ ಮಾತು. ಇದು ಇಂಗ್ಲಿಷಿನಲ್ಲಿ ಅಥವಾ ಅರ್ಥವಾಗದ ಗುರುತುಗಳಲ್ಲಿ ಇದ್ದರೆ ನಿಮ್ಮ ತಾಯಿ ಹೇಗೆ ಓದುತ್ತಾರೆ? ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಅಕ್ಕತಂಗಿಯರು ಲೋಕಕ್ಕೆಲ್ಲ ಅಂಗಿ ಹೊಲಿಯುತ್ತಾರೆ. ಆ ಅಂಗಿಗಳ ಚೀಟಿಯಲ್ಲಿ ಹತ್ತು ಭಾಷೆ ಇರುತ್ತದೆ, ಹೊಲಿದವಳ ಭಾಷೆ ಇರುವುದಿಲ್ಲ. ನಾವೇ ಅಚ್ಚು ಹಾಕಿಸುವ ಅಂಗಿಯಲ್ಲಾದರೂ ಅದು ಇರಬೇಡವೇ?

ಈ ಅಂಗಿಗೂ ಮಿತಿ ಇದೆ

ಸುಳ್ಳು ಭರವಸೆ ಕೊಡುವುದು ನಮ್ಮ ಕೆಲಸವಲ್ಲ. ಅಚ್ಚು ಹಾಕಿಸಿದ ಅಂಗಿ ರಸ್ತೆ ಕೆಲಸಗಾರರ ಸುರಕ್ಷಾ ಜಾಕೆಟ್ ಆಗುವುದಿಲ್ಲ. ಅಂಥ ಜಾಕೆಟ್‌ಗೆ ಅಂತರರಾಷ್ಟ್ರೀಯ ಮಾನಕವಿದೆ, ಐಎಸ್ಒ 20471 ಎಂದು. ಅದರ ಎರಡನೆಯ ದರ್ಜೆಗೆ 0.13 ಚದರ ಮೀಟರ್ ಹೊಳೆಯುವ ಪಟ್ಟಿ ಬೇಕು, ಅಂದರೆ 50 ಮಿ.ಮೀ. ಅಗಲದ ಪಟ್ಟಿ 2.6 ಮೀಟರ್ ಉದ್ದ. ಜೊತೆಗೆ ಹಗಲಿನಲ್ಲಿ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಅರ್ಧ ಚದರ ಮೀಟರ್. ನಿಮ್ಮ ತೋಳಿನ ಪಟ್ಟಿ ಅದರ ಹತ್ತಿರವೂ ಬರುವುದಿಲ್ಲ. ಯಾವನಾದರೂ ಗುತ್ತಿಗೆದಾರ ಪೌರಕಾರ್ಮಿಕರಿಗೆ ಜಾಕೆಟ್ ಕೊಡುವ ಬದಲು ಬೆಳ್ಳಿ ಅಚ್ಚಿನ ಟೀ ಶರ್ಟು ಹಂಚಿ ಕೈ ತೊಳೆದುಕೊಂಡರೆ, ಅದನ್ನು ಪ್ರಶ್ನಿಸಬೇಕಾದವರು ನೀವೇ. ನಸುಕಿನ ಕತ್ತಲಲ್ಲಿ ನಮ್ಮ ಬೀದಿ ಗುಡಿಸುವವರು ಅವರು.

ಮಳೆಯಲ್ಲಿ ಈ ಇಂಕು ಮಂಕಾಗುತ್ತದೆ ಎಂಬುದೂ ಗೊತ್ತಿರಲಿ. ಮಣಿಯ ಮೇಲೆ ನೀರಿನ ಪದರ ಕೂತರೆ ಬೆಳಕು ಕೂಡುವ ಜಾಗ ತಪ್ಪುತ್ತದೆ. ನೀವು ಎಲ್ಲರಿಗಿಂತ ಹೆಚ್ಚು ಕಾಣಬೇಕಾದ ಹೊತ್ತಿನಲ್ಲೇ ಅದು ಕೈ ಕೊಡಬಹುದು. ಅಂಗಿಯ ಮೇಲೆ ರೈನ್‌ಕೋಟ್ ಹಾಕಿದರೆ ಅಂಗಿ ಇದ್ದೂ ಇಲ್ಲ. ರೈನ್‌ಕೋಟಿಗೂ ಪಟ್ಟಿ ಇರಲಿ. ಬೈಕಿನ ಹಿಂದಿನ ದೀಪ ಉರಿಯಲಿ. ತಲೆಗೆ ಹೆಲ್ಮೆಟ್ ಇರಲಿ. ಅಂಗಿ ಇವುಗಳ ಜೊತೆಗೆ, ಇವುಗಳ ಬದಲಿಗೆ ಅಲ್ಲ.

ಕೊನೆಯ ಮಾತು. ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎಂದು ನೀವು ವೇದಿಕೆಯ ಮುಂದೆ ಕೂಗುವುದನ್ನು ನಾವು ಕೇಳಿದ್ದೇವೆ. ನಿಮ್ಮ ವಯಸ್ಸಿನಲ್ಲಿ ನಾವೂ ಕೂಗಿದ್ದೇವೆ. ಆದರೆ ತುಮಕೂರು ರಸ್ತೆಯ ಅಂಚಿನಲ್ಲಿ, ಪಂಕ್ಚರಾದ ಬೈಕಿನ ಪಕ್ಕದಲ್ಲಿ, ಯಾರಿಗೂ ಕಾಣದೆ ಹೋದ ಪ್ರಾಣದಿಂದ ಕನ್ನಡಕ್ಕೆ ಏನು ಲಾಭ? ಕನ್ನಡಕ್ಕೆ ನೀವು ನಾಳೆ ಬೆಳಿಗ್ಗೆಯೂ ಬೇಕು. ಮುಂದಿನ ನವೆಂಬರಿಗೂ ಬೇಕು. ನಿಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸಲು ಬೇಕು.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಅಂಗಿಯ ಮಾತು ಬಂದಾಗ ಯಾರಾದರೂ ಒಬ್ಬರು ಎದ್ದು ನಿಂತು "ರಾತ್ರಿ ಕಾಣುತ್ತದೆಯೇ?" ಎಂದು ಕೇಳಿ. ಬಜೆಟ್ ಸಾಲದಿದ್ದರೆ ಆರ್ಕೆಸ್ಟ್ರಾದ ಒಂದು ಹಾಡು ಕಡಿಮೆಯಾಗಲಿ, ತೋಳಿಗೆ ಒಂದು ಪಟ್ಟಿ ಹೆಚ್ಚಾಗಲಿ. ಅಂಗಿ ಬಂದ ದಿನ ದೀಪ ಆರಿಸಿ, ಹತ್ತು ಹೆಜ್ಜೆ ಹಿಂದೆ ನಿಂತು, ಟಾರ್ಚ್ ಬಿಟ್ಟು ನೋಡಿ. ನಿಮ್ಮ ಗೆಳೆಯ ಕಂಡರೆ ದುಡ್ಡು ಕೊಡಿ. ಕಾಣದಿದ್ದರೆ ಅಂಗಿ ವಾಪಸು ಮಾಡಿ.